ಪಶ್ಚಿಮದ ಕೊಂಬೆಯ ಅರವತ್ತು ಎಲೆ

ಸೆಪ್ಟೆಂಬರ್ 19, ಬೆಳಿಗ್ಗೆ 8.30

ಪೂರ್ವ 60. ದಕ್ಷಿಣ 58. ಪಶ್ಚಿಮ 60. ಗಾಳಿ ಇಲ್ಲ. ಬೆಂಚು ಒದ್ದೆ.

ಪಾರ್ಕಿನ ಮರದ ಮೂರು ಕೊಂಬೆಗೆ ರಿಬ್ಬನ್ ಕಟ್ಟಿ, ಒಂದೊಂದರಲ್ಲಿ ಅರವತ್ತು ಎಲೆ ಗುರುತಿಟ್ಟು, ಎಷ್ಟು ಉಳಿದಿವೆ ಎಂದು ದಿನಾ ಎಣಿಸುವುದು. ಮೂರು ಸಲ ಎಣಿಕೆ ತಪ್ಪಿತು. ನಲವತ್ತರ ಹತ್ತಿರ ಬಂದಾಗಲೆಲ್ಲ ಯಾವುದೋ ಒಂದು ಎಲೆ ಅಲ್ಲಾಡಿ, ಇದನ್ನು ಎಣಿಸಿದೆನೋ ಇಲ್ಲವೋ ಎಂಬ ಅನುಮಾನ. ಮತ್ತೆ ಒಂದರಿಂದ ಶುರು. ಕುತ್ತಿಗೆ ಹಿಡಿದುಕೊಂಡಿದೆ. ಇಪ್ಪತ್ತೊಂದು ವರ್ಷ ಈ ಕೆಲಸ ಮಾಡಿದ್ದೇನೆ, ಒಂದು ದಿನವೂ ತಲೆ ಎತ್ತಿದವಳಲ್ಲ. ಮೇಲೆ ನೋಡುವುದು ಅಕ್ಕನ ಪಾಲು, ಕೆಳಗೆ ನೋಡಿ ಬರೆಯುವುದು ನನ್ನ ಪಾಲು. ಅವಳು ಬೈನಾಕ್ಯುಲರ್ ಹಿಡಿದು ಕೂಗಬೇಕು, ನಾನು ಪೆನ್ಸಿಲ್ ಓಡಿಸಬೇಕು.

ಈ ವರ್ಷ ಎರಡೂ ನನ್ನದೇ.

ಹವಾಮಾನ ಕಚೇರಿಯ ಪುಸ್ತಕದಲ್ಲಿ ಕೊನೆಯ ಎರಡು ಕಾಲಂ: ನೋಡಿದವರು, ಬರೆದವರು. ಎರಡೂ ಕಡೆ ಸಹಿ ಇರಬೇಕು, ಇಲ್ಲದಿದ್ದರೆ ಆ ಸಾಲು ಲೆಕ್ಕಕ್ಕಿಲ್ಲ. ಒಂದೇ ಜೊತೆ ಕಣ್ಣನ್ನು ಅವರು ನಂಬುವುದಿಲ್ಲ. ಸರಿಯೇ. ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ.

ಹದಿನೈದರಿಂದ ಐದು ಸಾಲು ಆಯಿತು. ‘ನೋಡಿದವರು’ ಖಾಲಿ.

ಸೆಪ್ಟೆಂಬರ್ 20

ಐದೂ ಸಾಲಿಗೆ ಅಕ್ಕನ ಸಹಿ ಹಾಕಿದೆ. ಇವತ್ತಿನದಕ್ಕೂ.

ಥೇಟ್ ಅವಳದೇ ಸಹಿ. ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ನನ್ನ ಕೆಲಸವೇ ಅದಲ್ಲವೇ — ಹರಿದ ಪುಟಕ್ಕೆ ತೇಪೆ ಹಾಕಿ, ಹೋದ ಅಕ್ಷರವನ್ನು ಪಕ್ಕದ ಅಕ್ಷರ ನೋಡಿಕೊಂಡು ತಿದ್ದಿ, ತೇಪೆ ಎಲ್ಲಿದೆ ಎಂದು ಗೊತ್ತಾಗದ ಹಾಗೆ ಮಾಡುವುದು.

ಬೇರೆ ದಾರಿ ಇತ್ತು. ಫೋನ್ ಮಾಡಿ ‘ಬಾ’ ಎನ್ನಬಹುದಿತ್ತು. ಊರಿನ ಆ ತುದಿ, ಎರಡು ಬಸ್ಸು, ಅಷ್ಟೇ. ನಾಲಿಗೆ ಏಳಲಿಲ್ಲ.

ಸೆಪ್ಟೆಂಬರ್ 28

ಪೂರ್ವ 51. ದಕ್ಷಿಣ 47. ಪಶ್ಚಿಮ 60.

ಪೂರ್ವ, ದಕ್ಷಿಣ ಎರಡೂ ಹಳದಿಗೆ ತಿರುಗಿವೆ. ಪಶ್ಚಿಮ ಕಂದು. ರಿಬ್ಬನ್ ಕಟ್ಟಿದ ದಿನವೇ ಕಂದು ಇತ್ತು. ಬಿಸಿಲು ಬೀಳುವ ಬದಿ, ಬೇಗ ಬಣ್ಣ ತಿರುಗಿದೆ ಅಂದುಕೊಂಡೆ.

ಸಂಜೆ ಏಳಕ್ಕೆ ಅಕ್ಕನ ಫೋನ್. ದಿನಾ ಏಳಕ್ಕೆ. ಊಟ ಆಯ್ತಾ ಎಂದಳು, ಆಯ್ತು ಎಂದೆ. ಆಗಿರಲಿಲ್ಲ. ಮರ ಹೇಗಿದೆ ಎಂದಳು, ಇದೆ ಎಂದೆ. ಹಿಂದಿನಿಂದ ಅವರು ಕೆಮ್ಮಿದ್ದು ಕೇಳಿಸಿತು. ಸರಿ ಇಡ್ತೀನಿ ಎಂದು ಇಟ್ಟೆ.

ಅವರು — ಮೆಡಿಕಲ್ ಶಾಪಿನವರು. ಜುಲೈನಲ್ಲಿ ಅಕ್ಕನಿಗೂ ಅವರಿಗೂ ಮದುವೆ. ಐವತ್ತಾರಕ್ಕೆ! ಬಿಪಿ ಮಾತ್ರೆ ತರಲು ಹೋದವಳು ಅಂಗಡಿಯವರನ್ನೇ ತಂದುಬಿಟ್ಟಳು ಎಂದು ಬೈಂಡಿಂಗ್ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಅದೇ ತಮಾಷೆ. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿ ಸಹಿ ಹಾಕಿದವಳು ನಾನೇ. ಆಮೇಲೆ ಅವರು, ಇನ್ಮೇಲೆ ನನ್ನನ್ನ ಭಾವ ಅನ್ನಬೇಕು ನೀವು ಎಂದು ನಗುತ್ತ ಹೇಳಿದರು. ನೋಡೋಣ ಎಂದಿದ್ದೆ. ಇಂಥ ಮಾತಿಗೆಲ್ಲ ನಾಲಿಗೆ ಚೆನ್ನಾಗಿಯೇ ಏಳುತ್ತದೆ.

ಒಳ್ಳೆಯವರೇ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಅಕ್ಟೋಬರ್ 6

ಪೂರ್ವ 33. ದಕ್ಷಿಣ 29. ಪಶ್ಚಿಮ 60.

ಅಬ್ಬಾ. ಪಶ್ಚಿಮದಲ್ಲಿ ಒಂದೂ, ಒಂದೇ ಒಂದೂ ಬಿದ್ದಿಲ್ಲ.

ಮಧ್ಯಾಹ್ನ ಕೆಲಸದ ಮೇಲೆ ಗಮನವಿಲ್ಲದೆ ಒಂದು ಅಟ್ಲಾಸನ್ನು ತಲೆಕೆಳಗಾಗಿ ಹೊಲಿದೆ. ಪೂರ್ತಿ ಬಿಚ್ಚಬೇಕಾಯಿತು. ಮೇಲಿನವರು ಮೂಗು ಮುರಿದರು.

ಅಕ್ಟೋಬರ್ 17

ರಾತ್ರಿಯೆಲ್ಲ ಗಾಳಿ. ಬೆಳಿಗ್ಗೆ ಹೋದರೆ ದಾರಿಯೇ ಕಾಣದಷ್ಟು ಎಲೆ. ಗುಡಿಸುವವರು ರಾಶಿ ಹಾಕಿ ಹಾಕಿ ಸೋತು ಸಿಗರೇಟು ಹಚ್ಚಿದ್ದರು. ಪೂರ್ವ 8. ದಕ್ಷಿಣ 5. ಪಶ್ಚಿಮ — 60.

ಬೆಂಚಿನಲ್ಲಿ ಕೂತು ಸುಮ್ಮನೆ ನೋಡಿದೆ. ಮರವೆಲ್ಲ ಬೋಳು, ಆ ಒಂದು ಕೊಂಬೆ ಮಾತ್ರ ತುಂಬಿದ ಕೈ. ಶಾಭಾಸ್ ಎಂದೆ, ಜೋರಾಗಿಯೇ. ನಾಯಿ ಹಿಡಿದು ಹೋಗುತ್ತಿದ್ದ ಎದುರುಮನೆಯ ಹೆಂಗಸು ತಿರುಗಿ ನೋಡಿದಳು. ನೋಡಲಿ. ಬಿಡದೆ ಹಿಡಿದುಕೊಂಡಿರುವುದು ಈ ಊರಿನಲ್ಲಿ ಅದೊಂದು, ನಾನೊಬ್ಬಳು.

ಸಂಜೆ ಅಕ್ಕನಿಗೆ ಈ ಕೊಂಬೆಯ ವಿಷಯ ಹೇಳಿಬಿಡಬೇಕು ಅನ್ನಿಸಿತು. ಬಾಯಿಯವರೆಗೂ ಬಂತು. ಹೇಳಿದರೆ, ಹಾಗಾದರೆ ಸಹಿ ಯಾರದು ಎಂದು ಕೇಳುತ್ತಾಳೆ. ಸಹಿ ಇಲ್ಲ ಎಂದರೆ ಪುಸ್ತಕ ನಿಲ್ಲುತ್ತದೆ. ಪುಸ್ತಕ ನಿಂತರೆ ಅವಳಿಗೂ ನನಗೂ ನಡುವೆ ಉಳಿಯುವುದೇನು? ಊಟ ಆಯ್ತಾ, ಆಯ್ತು. ಅಷ್ಟೇ ತಾನೆ.

ಇವತ್ತು ಊಟ ನಿಜಕ್ಕೂ ಆಗಿತ್ತು. ಬ್ರೆಡ್ಡು, ಹಾಲು.

ಅಕ್ಟೋಬರ್ 29

ಪೂರ್ವ 0. ದಕ್ಷಿಣ 0. ಪಶ್ಚಿಮ 60.

ಇಪ್ಪತ್ತೊಂದು ವರ್ಷದ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದೆ. ಅಕ್ಟೋಬರ್ 26 ದಾಟಿ ಯಾವ ಕೊಂಬೆಯಲ್ಲೂ ಎಲೆ ನಿಂತದ್ದಿಲ್ಲ. ಎಲ್ಲ ನನ್ನದೇ ಅಕ್ಷರ, ಆದರೂ ಓದುತ್ತಿದ್ದರೆ ಅಕ್ಕನ ದನಿಯೇ ಕಿವಿಯಲ್ಲಿ. ಒಂದು ಕಡೆ ಪುಟದಂಚಿಗೆ ‘ಅಕ್ಕನಿಗೆ ಸೀನು, ಎಣಿಕೆ ಮತ್ತೆ’ ಎಂದು ಬರೆದಿದ್ದೇನೆ.

ಮೂರು ದಿನದಿಂದ ಫೋನ್ ಎತ್ತಿಲ್ಲ.

ನವೆಂಬರ್ 3

ಗ್ರಂಥಾಲಯಕ್ಕೇ ಫೋನ್, ಹವಾಮಾನ ಕಚೇರಿಯ ಮೇಡಂ. ವಾರವಾರ ನಾನು ಕಳಿಸುವ ಪುಸ್ತಕದ ಪ್ರತಿ ನೋಡಿದ್ದಾರೆ. ತುಂಬ ಖುಷಿ. ಇಂಥದ್ದು ಎಲ್ಲೂ ವರದಿಯಾಗಿಲ್ಲವಂತೆ, ವಾರ್ಷಿಕ ಪತ್ರಿಕೆಯಲ್ಲಿ ಹಾಕುತ್ತಾರಂತೆ. ಉಬ್ಬಿಹೋದೆ. ಒಂದು ನಿಮಿಷ, ಅಷ್ಟೇ.

ಆಮೇಲೆ ಅಂದರು, ನಿಮ್ಮ ಅಕ್ಕನಿಗೂ ಈಗ ತಾನೆ ಫೋನ್ ಮಾಡಿದ್ದೆ. ಪುಸ್ತಕದ ಮೇಲೆ ಅವರ ನಂಬರೇ ಇದೆಯಲ್ಲ.

ಏನಂದಳು ಎಂದು ಕೇಳಿದೆ.

ಹೌದು, ದಿನಾ ನಾನೇ ನೋಡಿದ್ದು ಅಂದರಂತೆ.

ಗೋಂದಿನ ಬ್ರಶ್ಶು ಕೈಯಲ್ಲೇ ಒಣಗಿತು. ಅಕ್ಕ ಸುಳ್ಳು ಹೇಳಿದ್ದು ನಾನು ಕಂಡಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು, ಒಂದು ಎಲೆ ಅನುಮಾನ ಬಂದರೆ ಮೊದಲಿನಿಂದ ಎಣಿಸುವವಳು.

ಸಂಜೆ ಏಳು ಗಂಟೆ. ಫೋನ್ ಮುಂದೆಯೇ ಕೂತಿದ್ದೆ. ಬರಲಿಲ್ಲ.

ನವೆಂಬರ್ 4

ಎಂಟಕ್ಕೆ ಹೋದರೆ ಬೆಂಚಿನ ಮೇಲೆ ಅಕ್ಕ.

ಗಂಡಸರ ಜಾಕೆಟ್ ಹಾಕಿಕೊಂಡಿದ್ದಳು, ಅವರದೇ ಇರಬೇಕು. ತೋಳು ಉದ್ದ, ಎರಡು ಮಡಿಕೆ ಮಡಚಿದ್ದಳು. ಕೂದಲು ಬೇರೆ ಥರ ಕತ್ತರಿಸಿಕೊಂಡಿದ್ದಾಳೆ. ಕೈಯಲ್ಲಿ ಛತ್ರಿ. ನನ್ನ ಕಡೆ ನೋಡಲಿಲ್ಲ, ಮರ ನೋಡುತ್ತಿದ್ದಳು. ಬೈನಾಕ್ಯುಲರ್ ಕೊಟ್ಟರೆ ಬೇಡ ಎಂದು ತಲೆಯಾಡಿಸಿದಳು.

ಈ ಎಲೆಗಳು ಹಳದಿಯಾಗಿ ಕಂದಾದವೋ, ಮೊದಲಿನಿಂದಲೂ ಕಂದೋ ಎಂದು ಕೇಳಿದಳು. ಮೊದಲಿನಿಂದಲೂ ಎಂದೆ.

ಎದ್ದು ಛತ್ರಿಯ ಕೊಕ್ಕೆಯಿಂದ ಕೊಂಬೆ ಬಗ್ಗಿಸಿದಳು. ರಿಬ್ಬನ್ ಕಟ್ಟಿದ ಮೇಲೆ ಮುಟ್ಟಬಾರದು, ಅದು ನಿಯಮ. ಅವಳೇ ನನಗೆ ಕಲಿಸಿದ ನಿಯಮ. ನನ್ನ ಕಣ್ಣೆದುರೇ ಒಂದು ಎಲೆ ಹಿಡಿದು ಎಳೆದಳು. ಬರಲಿಲ್ಲ. ಜೋರಾಗಿ ಎಳೆದಳು, ಎಲೆ ಹರಿಯಿತು, ತೊಟ್ಟು ಅಲ್ಲೇ ಉಳಿಯಿತು. ಕಡ್ಡಿ ಮುರಿದರೆ ಪಟ್ ಎಂದಿತು, ಒಳಗೆ ಹಸಿರೇ ಇಲ್ಲ.

“ಈ ಕೊಂಬೆ ಬೇಸಿಗೆಯಲ್ಲೇ ಸತ್ತಿದೆ ಕಣೇ.”

ಸತ್ತಿದ್ದರೆ ಎಲ್ಲಕ್ಕಿಂತ ಮೊದಲು ಉದುರಬೇಕಿತ್ತಲ್ಲ ಎಂದೆ.

“ಉದುರಿಸೋದು ಬದುಕಿರೋ ಕೊಂಬೆ ಕೆಲಸ. ಎಲೆಗೂ ಕಡ್ಡಿಗೂ ನಡುವೆ ಮರಾನೇ ಒಂದು ಪದರ ಕಟ್ಟಿ, ಎಲೆ ಬಿಡಿಸಿ ಕಳಿಸುತ್ತೆ. ಸತ್ತಿದ್ದಕ್ಕೆ ಅಷ್ಟು ತ್ರಾಣ ಎಲ್ಲಿಂದ ಬರ್ಬೇಕು? ಹಾಗೇ ಅಂಟಿಕೊಂಡಿದೆ ಅಷ್ಟೇ.”

ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಐವತ್ತು ದಿನ ಸತ್ತ ಕೊಂಬೆಗೆ ಶಾಭಾಸ್‌ಗಿರಿ! ರಿಬ್ಬನ್ ಕಟ್ಟುವ ಕೊಂಬೆಯನ್ನು ಪ್ರತಿವರ್ಷ ಅಕ್ಕನೇ ಆರಿಸುತ್ತಿದ್ದಳು. ಈ ವರ್ಷ ನಾನು ಸ್ಟೂಲು ಹಾಕಿಕೊಂಡು ಕೈಗೆ ಸಿಕ್ಕಿದ್ದಕ್ಕೆ ಕಟ್ಟಿದ್ದೆ. ತಲೆ ಎತ್ತಿ ನೋಡಿದವಳಾಗಿದ್ದರೆ ತಾನೆ, ಬದುಕಿರುವ ಎಲೆ ಹೇಗೆ ಬಣ್ಣ ತಿರುಗುತ್ತದೆ ಎಂದು ಗೊತ್ತಿರುವುದು.

ಪುಸ್ತಕ ತೆಗೆದುಕೊಂಡು ತನ್ನ ಸಹಿಗಳನ್ನು ಒಂದೊಂದಾಗಿ ನೋಡಿದಳು. ನನಗಿಂತ ಚೆನ್ನಾಗಿ ಹಾಕಿದ್ದೀಯ ಎಂದಳು. ನಗಲಿಲ್ಲ.

“ಕರೆದಿದ್ರೆ ಬರ್ತಿದ್ದೆ.”

“ಕರೀಬೇಕಿತ್ತಾ?” ಎಂದೆ. ಮುಖ ಊದಿಸಿಕೊಂಡೇ ಹೇಳಿದೆ, ಈಗ ನಾಚಿಕೆಯಾಗುತ್ತದೆ.

“ಹೂಂ. ಕರೀಬೇಕಿತ್ತು. ದಿನಾ ಫೋನ್ ಮಾಡಿದೆ, ಎರಡು ಮಾತಿಗೆ ಇಟ್ಟುಬಿಡ್ತಿದ್ದೆ ನೀನು. ನಾನು ಹುಟ್ಟಿ ಬೆಳೆದ ಮನೆ ಬಾಗಿಲಲ್ಲಿ ನಿಂತು ಒಳಗೆ ಬರ್ಲಾ ಅಂತ ಕೇಳೋದು ನನ್ನ ಕೈಲಿ ಆಗಲ್ಲ ಕಣೇ.”

ಕಚೇರಿಯವರಿಗೆ ತಾನು ಹೇಳಿದ್ದು ಹೇಳಿಯಾಯಿತು, ಇನ್ನು ನಾನು ಏನು ಹೇಳುತ್ತೇನೋ ಅದು ನನಗೆ ಬಿಟ್ಟಿದ್ದು ಎಂದಳು. ಒಂಬತ್ತರ ಬಸ್ಸಿಗೆ ಹೋದಳು. ಬಸ್‌ಸ್ಟಾಪಿನವರೆಗೂ ಹಿಂದೆಯೇ ಹೋದೆ, ಹತ್ತು ಹೆಜ್ಜೆ ದೂರದಲ್ಲಿ. ಅವಳೂ ತಿರುಗಲಿಲ್ಲ, ನಾನೂ ಕೂಗಲಿಲ್ಲ.

ನವೆಂಬರ್ 5

ಹೋಗಲಿಲ್ಲ.

ನವೆಂಬರ್ 9

ಅರ್ಧ ದಿನ ರಜೆ ಹಾಕಿ ಹವಾಮಾನ ಕಚೇರಿಗೆ. ಮೆಟ್ಟಿಲಲ್ಲಿ ಎರಡು ಸಲ ವಾಪಸ್ ಇಳಿದೆ.

ಬಾಯಿ ಮುಚ್ಚಿಕೊಂಡಿದ್ದರೆ ಪುಸ್ತಕ ಉಳಿಯುತ್ತಿತ್ತು. ಕೊಂಬೆ ಸತ್ತಿತ್ತು ಎಂದಷ್ಟೇ ಹೇಳಿ ಒಂದು ಕಾಲಂ ಹೊಡೆದುಹಾಕಿಸಬಹುದಿತ್ತು. ಪೂರ್ವ, ದಕ್ಷಿಣ ಸರಿಯಾಗಿಯೇ ಇದ್ದವಲ್ಲ. ಆದರೆ ಹಾಗೆ ಮಾಡಿದರೆ ಅಕ್ಕನ ಸುಳ್ಳೂ ಉಳಿಯುತ್ತದೆ. ನನಗೋಸ್ಕರ ಆಡಿದ್ದು. ಅದು ವರ್ಷ ವರ್ಷವೂ ಆ ಕಪಾಟಿನಲ್ಲಿ ಇರುತ್ತದೆ.

ಹೇಳಿದೆ. ಎಲ್ಲ. ನೋಡಿದವಳೂ ನಾನೇ, ಬರೆದವಳೂ ನಾನೇ, ಅಕ್ಕನ ಸಹಿ ಹಾಕಿದವಳೂ ನಾನೇ. ನನ್ನ ಮಾನ ಉಳಿಸಲು ಅವಳು ಹಾಗೆ ಅಂದಳು, ಅವಳ ಮೇಲೆ ತಪ್ಪು ಹೊರಿಸಬೇಡಿ ಎಂದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಕೇಲ್ ಇಟ್ಟು ಐವತ್ತು ಸಾಲಿಗೂ ಕೆಂಪು ಗೀಟು ಎಳೆದರು. ನಿಧಾನಕ್ಕೆ, ಒಂದೊಂದೇ. ಇಪ್ಪತ್ತೊಂದು ವರ್ಷ ಆದ ಮೇಲೆ ಈ ವರ್ಷ ಖಾಲಿ ಎಂದರು. ಮುಂದಿನ ವರ್ಷ ಇಬ್ಬರಿದ್ದರೆ ಬನ್ನಿ, ಇಲ್ಲದಿದ್ದರೆ ಮರ ಬೇರೆಯವರಿಗೆ.

ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ಅಳು ಬಂದದ್ದು ಪುಸ್ತಕಕ್ಕಲ್ಲ, ಅಕ್ಕ ಬೇಕು ಅನ್ನಿಸಿತು. ಅಷ್ಟೇ. ಎಣಿಸುವುದಕ್ಕಲ್ಲ, ಸಹಿಗಲ್ಲ. ಮನೆಗೆ ಹೋದರೆ ಒಳಗಿನಿಂದ ‘ಬಂದ್ಯಾ’ ಎಂದು ಕೇಳುವುದಕ್ಕೆ.

ನವೆಂಬರ್ 11, ಸಂಜೆ

ಬೆಳಿಗ್ಗೆ ಪಾರ್ಕಿನ ಮಾಲಿ ಏಣಿ ಹಾಕಿ ಆ ಕೊಂಬೆ ಕೊಯ್ದ. ಹೋದ ಬೇಸಿಗೆಯ ಗಾಳಿಗೇ ಬುಡದಲ್ಲಿ ಸೀಳಿತ್ತಂತೆ. ರಿಬ್ಬನ್ ಬಿಚ್ಚಿ ಕೊಟ್ಟ, ಇಸಿದುಕೊಂಡು ಕಸದ ಡಬ್ಬಿಗೆ ಹಾಕಿದೆ.

ಸಂಜೆ ಏಳಕ್ಕೆ ಐದು ನಿಮಿಷ ಇರುವಾಗ ನಾನೇ ಫೋನ್ ಮಾಡಿದೆ. ಅವರು ಎತ್ತಿದರು. ಭಾವ, ನಾನು ಎಂದೆ. ‘ಭಾ’ ಗಂಟಲಲ್ಲಿ ಸಿಕ್ಕಿಕೊಂಡಿತು, ‘ವ’ ಮಾತ್ರ ಜೋರಾಗಿ ಬಂತು. ಕೆಮ್ಮು ಅಂದುಕೊಂಡರೋ ಏನೋ, ಗಂಟಲು ಸರಿಯಿಲ್ವಾ, ಮಾತ್ರೆ ಕಳಿಸ್ಲಾ ಎಂದರು. ನಗು ಬಂದುಬಿಟ್ಟಿತು.

ಅಕ್ಕನಿಗೆ ಕಚೇರಿಯ ಕಥೆ ಹೇಳಿದೆ. ಐವತ್ತೂ ಸಾಲಾ ಎಂದಳು. ಐವತ್ತೂ ಎಂದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದೆ:

“ಅಕ್ಕಾ, ಬಾ.”

ಇವತ್ತು ಆಗುವುದಿಲ್ಲವಂತೆ. ಅಂಗಡಿಗೆ ಸರಕು ಬಂದಿದೆ, ಇಬ್ಬರೂ ಸೇರಿ ಜೋಡಿಸಬೇಕು. ಒಂದು ತಿಂಗಳ ಹಿಂದಾಗಿದ್ದರೆ ಅಲ್ಲಿಗೇ ಫೋನ್ ಇಟ್ಟುಬಿಡುತ್ತಿದ್ದೆ. ಇಡಲಿಲ್ಲ. ಭಾನುವಾರ ಬರ್ತೀವಿ ಎಂದಳು. ಬರ್ತೀವಿ. ಚುಚ್ಚಿತು. ಚುಚ್ಚಲಿಲ್ಲ ಎಂದು ಇಲ್ಲಿ ಯಾಕೆ ಸುಳ್ಳು ಬರೆಯಲಿ.

“ರಾತ್ರಿ ಉಳ್ಕೊಳ್ಳಿ,” ಎಂದೆ. “ಇಬ್ಬರೂ.”

ಆ ಕಡೆ ಅಕ್ಕ ಅಳುತ್ತ ಮೂಗು ಎಳೆದುಕೊಂಡದ್ದು ಕೇಳಿಸಿತು.

ನವೆಂಬರ್ 14, ಮಧ್ಯಾಹ್ನ 3.10

ಬೆಳಿಗ್ಗೆಯಿಂದ ಗುಡಿಸಿದ್ದೇ ಗುಡಿಸಿದ್ದು. ಅಕ್ಕನ ಕೋಣೆಯ ಕಿಟಕಿ ತೆಗೆದೆ, ನಾಲ್ಕು ತಿಂಗಳ ಮೇಲೆ. ದಿಂಬು ಬಿಸಿಲಿಗೆ ಹಾಕಿದೆ. ಆಮೇಲೆ ಹೊಳೆಯಿತು — ಅಲ್ಲಿರುವುದು ಒಂಟಿ ಮಂಚ. ಇಬ್ಬರು ಮಲಗುವುದು ಹೇಗೆ? ಭಾವ ಎತ್ತರದ ಆಳು ಬೇರೆ. ನನ್ನ ಮಂಚವೂ ಅದೇ ಅಳತೆ, ಎರಡನ್ನೂ ಒತ್ತಿಗೆ ಸೇರಿಸಿದರೆ ಸರಿಹೋಗುತ್ತದೆ. ನಾನು ಹೊರಗೆ ಸೋಫಾದ ಮೇಲೆ ಮಲಗಿದರಾಯಿತು.

ಹಾಸಿಗೆ ಎತ್ತಿಟ್ಟು ಮಂಚ ಎಳೆದೆ. ಹಾಲ್ ದಾಟಿಸಿದೆ, ಟೇಬಲ್ಲಿನ ಕಾಲಿಗೆ ಗೀರು ಬಿತ್ತು, ಬೀಳಲಿ. ಅಕ್ಕನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದೆ. ಅರ್ಧ ಒಳಗೆ, ಅರ್ಧ ಹೊರಗೆ. ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಓರೆ ಮಾಡಿ ನೋಡಿದೆ, ಬೈದು ನೋಡಿದೆ. ಈಗ ಅದರ ಪಟ್ಟಿಯ ಮೇಲೇ ಕೂತು ಬರೆಯುತ್ತಿದ್ದೇನೆ.

ಒಬ್ಬಳ ಕೈಲಿ ಆಗುವ ಕೆಲಸವಲ್ಲ. ಎದುರುಮನೆಯಲ್ಲಿ ನಾಯಿ ಹಿಡಿದು ಓಡಾಡುವ ಆ ಹೆಂಗಸು ಇದ್ದಾಳೆ. ಈಗ ತಾನೆ ಬಂದಳು, ಬೀಗ ತೆಗೆದ ಸದ್ದು ಕೇಳಿಸಿತು. ಅವಳು ಈ ಮಹಡಿಗೆ ಬಂದು ಹತ್ತು ವರ್ಷ, ಒಂದು ಮಾತು ಆಡಿದ್ದಿಲ್ಲ. ಹೋಗಿ ಏನೆನ್ನಲಿ? ಸ್ವಲ್ಪ ಈ ಕಡೆ ತುದಿ ಹಿಡ್ಕೊಳ್ತೀರಾ, ನಾಳೆ ನಮ್ಮಕ್ಕ, ಭಾವ ಬರ್ತಿದ್ದಾರೆ — ಅಷ್ಟೇ ತಾನೆ. ಎದ್ದೆ, ಹೋಗಿ ಬಾಗಿಲು ತಟ್ಟುತ್ತೇನೆ.