ಜೋಡಿಬಳೆಯ ವಿಷಯವಾಗಿ, ಗುಡ್ಡ ಕಟ್ಟಿದವರಿಗೆ

ಗುಡ್ಡದೂರು,
ಗುಡ್ಡ ಅಗೆಯಲು ತೊಡಗಿದ ನೂರಾ ಹದಿನಾಲ್ಕನೆಯ ವರ್ಷ, ಎರಡನೆಯ ಬೇಸಿಗೆ.
ನಿಮ್ಮ ಲೆಕ್ಕದಲ್ಲಿ ಇಸವಿ 2390ರ ಆಸುಪಾಸು.

ಗುಡ್ಡ ಕಟ್ಟಿದ ಹಿರಿಯರಿಗೆ,

ವರ್ಷಕ್ಕೆ ಎರಡು ಬೇಸಿಗೆಯೇ ಎಂದು ನೀವು ಹುಬ್ಬೇರಿಸಬಹುದು. ಹೌದು, ಎರಡು. ಅದರ ಜಗಳ ಇನ್ನೊಮ್ಮೆ ಆಡೋಣ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ಡಬ್ಬಿ, ಚೀಲ, ಸೀಸೆಗಳ ಮೇಲಿನ ಚೀಟಿಗಳಿಂದ. ಹಾಗಾಗಿ ನನ್ನ ಕನ್ನಡದಲ್ಲಿ ಅಲ್ಲಲ್ಲಿ ಸಾಬೂನಿನ ಜಾಹೀರಾತಿನ ವಾಸನೆ ಬಂದರೆ ಕ್ಷಮಿಸಿ. ಈ ಪತ್ರದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೇ. ಉಳಿದದ್ದಕ್ಕೆಲ್ಲ ಕೇಳಬೇಕಾದವರು ನೀವು.

ನನ್ನ ಹೆಸರು ಹೊನ್ನಾಜಿ. ಊರವರು ಹೊನ್ನಕ್ಕ ಎನ್ನುತ್ತಾರೆ. ನಮ್ಮ ಊರಿನ ಬದುಕು ನಿಂತಿರುವುದು ನೀವು ಕಸ ಸುರಿದು ಕಟ್ಟಿದ ಗುಡ್ಡದ ಮೇಲೆ. ನೀವು ಹೊಲ ಉಳುತ್ತಿದ್ದಂತೆ ನಾವು ಗುಡ್ಡ ಅಗೆಯುತ್ತೇವೆ. ಕಬ್ಬಿಣ, ತಾಮ್ರ, ಗಾಜು ಸಿಕ್ಕಿದ್ದನ್ನು ಕೆಳಗಿನ ಊರುಗಳಿಗೆ ಕೊಟ್ಟು ರಾಗಿ, ನೀರು ತರುತ್ತೇವೆ. ಗುಡ್ಡದಲ್ಲಿ ಆಳಕ್ಕೆ ಇಳಿದಷ್ಟೂ ಕಾಲದಲ್ಲಿ ಹಿಂದಕ್ಕೆ ಹೋಗುತ್ತೇವೆ. ಅಜ್ಜಂದಿರ ಕಾಲದಲ್ಲಿ ಅಗೆದದ್ದು ಕನ್ನಡಿಫಲಕಗಳ ಪದರ. ಅದರ ಕೆಳಗೆ ತಂತಿಯ ಪದರ, ಅದಕ್ಕೂ ಕೆಳಗೆ ಹಾಲಿನ ಚೀಲಗಳ ಪದರ. ಈಗ ನಾವು ಅಗೆಯುತ್ತಿರುವುದು ನಿಮ್ಮನ್ನೇ. ನೀವು ಪ್ಲಾಸ್ಟಿಕ್ ಎನ್ನುತ್ತಿದ್ದ ವಸ್ತುವಿಗೆ ನಮ್ಮಲ್ಲಿ ಸಾಯದ್ದು ಎಂದು ಹೆಸರು. ಸಾಯದ್ದನ್ನು ಸುಡುವಂತಿಲ್ಲ, ಹೂಳಿದರೆ ಪ್ರಯೋಜನವಿಲ್ಲ. ಅದನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವುದರಲ್ಲೇ ನಮ್ಮ ಅರ್ಧ ಆಯುಸ್ಸು ಕಳೆಯುತ್ತದೆ.

ಈ ಸಾಯದ್ದರಲ್ಲಿ ಒಂದನ್ನು ಮಾತ್ರ ನಾವು ಪಕ್ಕಕ್ಕೆ ತೆಗೆದಿಟ್ಟು ಗೌರವಿಸುತ್ತ ಬಂದೆವು. ಅದು ಜೋಡಿಬಳೆ. ಎರಡು ಗಟ್ಟಿ ಬಳೆಗಳು, ನಡುವೆ ಎರಡನ್ನೂ ಹಿಡಿದಿಡುವ ಒಂದು ಪಟ್ಟಿ, ಪಟ್ಟಿಯಲ್ಲಿ ಬೆರಳು ತೂರುವಷ್ಟು ಒಂದು ಕಂಡಿ. ಎಳೆದರೆ ಕಿತ್ತುಬರುವುದಿಲ್ಲ, ತಿರುಚಿದರೆ ಮುರಿಯುವುದಿಲ್ಲ. ಆರು ಬಳೆಗಳದ್ದೂ ಸಿಗುತ್ತದೆ. ಅಣ್ಣತಮ್ಮಂದಿರು ಬೇರೆಯಾಗದಿರಲೆಂದು ಅದನ್ನು ಬಾಗಿಲ ಮೇಲೆ ನೇತುಹಾಕುತ್ತೇವೆ. ನಗಬೇಡಿ. ಇಷ್ಟು ಬಲವಾದ ವಸ್ತುವನ್ನು ಯಾರಾದರೂ ಕ್ಷುಲ್ಲಕ ಕೆಲಸಕ್ಕೆ ಮಾಡುತ್ತಾರೆಯೇ ಎಂದು ನಮ್ಮ ಹಿರಿಯರು ಯೋಚಿಸಿದರು. ಎಂದೂ ಅಗಲಬಾರದ ಎರಡನ್ನು ಜೊತೆಗಿಡಲೆಂದೇ ಇದನ್ನು ಮಾಡಿದ್ದಾರೆ, ಅಂದರೆ ಇದು ಮದುವೆಯ ವಸ್ತು ಎಂದು ತೀರ್ಮಾನಿಸಿದರು. ಅವರು ದಡ್ಡರಾಗಿರಲಿಲ್ಲ. ನಿಮಗೆ ಬುದ್ಧಿ ಇತ್ತೆಂದು ನಂಬಿದ್ದರು, ಅಷ್ಟೇ.

ಹಾಗಾಗಿ ನಮ್ಮಲ್ಲಿ ಹೆಣ್ಣುಗಂಡು ಕೈಗೆ ಎಣ್ಣೆ ಸವರಿಕೊಂಡು ಒಂದೊಂದು ಬಳೆಯಲ್ಲಿ ಒಂದೊಂದು ಕೈ ತೂರಿಸುತ್ತಾರೆ. ನಡುವಿನ ಕಂಡಿಗೆ ಅರಿಶಿನದ ದಾರ ಕಟ್ಟಿ, ಬಿಡಿಸಿಕೊಳ್ಳದೆ ಊರು ಸುತ್ತುತ್ತಾರೆ. ಬಂದ ಮೇಲೆ ಬಾಗಿ, ಬುಟ್ಟಿಯೊಳಕ್ಕೆ ಒಂದು ಹಿಡಿ ರಾಗಿ ಹಾಕುತ್ತಾರೆ. ರಾಗಿಯ ಶಾಸ್ತ್ರ ಎಲ್ಲಿಂದ ಬಂತು ಗೊತ್ತೇ? ಪ್ರತಿ ಜೋಡಿಬಳೆಯ ಪಟ್ಟಿಯ ಮೇಲೂ ಒಂದು ಸಣ್ಣ ಉಬ್ಬುಚಿತ್ರವಿರುತ್ತದೆ. ಒಬ್ಬ ಮನುಷ್ಯ ಬಾಗಿ, ಕೈಯಲ್ಲಿದ್ದದ್ದನ್ನು ಬುಟ್ಟಿಯೊಳಗೆ ಹಾಕುತ್ತಿದ್ದಾನೆ. ಪೂರ್ವಿಕರು ಮದುವೆಯ ವಿಧಿಯನ್ನು ವಸ್ತುವಿನ ಮೇಲೆಯೇ ಕೆತ್ತಿಟ್ಟಿದ್ದಾರೆ ಎಂದು ನಮ್ಮವರು ಕೈಮುಗಿದರು. ಮದುವೆಯಾದ ಮೇಲೆ ಬಳೆಯನ್ನು ಬಿಡಿಸಿ ಮನೆಯ ಜಂತೆಗೆ ತೂಗುಹಾಕುತ್ತಾರೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ ಮಾತ್ರ ಅದನ್ನು ಕತ್ತರಿಸಬಹುದು. ಅರ್ಧ ಮಣ್ಣಿಗೆ ಹೋದವರ ಕೈಗೆ, ಅರ್ಧ ಉಳಿದವರ ಕೈಗೆ. ನನ್ನ ಗಂಡ ಮಾಯಣ್ಣ ಗುಡ್ಡ ಕುಸಿದು ಹೋದ. ಅವನ ಅರ್ಧ ಅವನ ಜೊತೆ ಹೋಯಿತು. ನನ್ನ ಅರ್ಧ ಈ ಪತ್ರ ಬರೆಯುವಾಗಲೂ ನನ್ನ ಬಲಗೈಯಲ್ಲಿ ಕಾಗದಕ್ಕೆ ತಗುಲುತ್ತಿದೆ.

ಈ ವರ್ಷದ ಮೊದಲ ಬೇಸಿಗೆಯಲ್ಲಿ ಪಕ್ಕದ ಕೇರಿಯ ಮಾದೇವಿಯ ಆಡಿನ ಮರಿ ಗುಡ್ಡದ ತಪ್ಪಲಲ್ಲಿ ಮೇಯುವಾಗ ಮಣ್ಣಲ್ಲಿದ್ದ ಒಂದು ಜೋಡಿಬಳೆಯೊಳಕ್ಕೆ ಮೂತಿ ತೂರಿಸಿತು. ಹೊರಗೆ ಎಳೆದುಕೊಳ್ಳಲು ಆಗಲಿಲ್ಲ, ಬಾಯಿ ಬಿಡಲೂ ಆಗಲಿಲ್ಲ. ಎಣ್ಣೆ ಹಚ್ಚಿ ಜಾರಿಸಲು ನೋಡಿದರೆ ಚರ್ಮ ಕಿತ್ತು ಬಂತು. ಕತ್ತರಿಸಿದ್ದರೆ ಕ್ಷಣದ ಕೆಲಸ. ಆದರೆ ಸಾವಿಲ್ಲದೆ ಬಳೆ ಕತ್ತರಿಸಿದರೆ ಊರಲ್ಲಿ ಯಾರದೋ ಸಂಸಾರ ಒಡೆಯುತ್ತದೆಂದು ಹಿರಿಯರು ಒಪ್ಪಲಿಲ್ಲ. ಅವರು ಕೂತು ಚರ್ಚೆ ಮಾಡುತ್ತಲೇ ಇದ್ದರು. ಮಾದೇವಿ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಟ್ಟೆಯ ತುದಿಯಿಂದ ಅದರ ಹಲ್ಲಿನ ಸಂದಿಗೆ ಹಾಲು ಹಿಂಡುತ್ತಿದ್ದಳು. ನನ್ನ ಮಗಳು ಮೊಲ್ಲೆಯೂ ಅಲ್ಲೇ ಕೂತಿದ್ದಳು. ಮಾದೇವಿಯ ಮಗ ಈರಣ್ಣನಿಗೆ ಅವಳನ್ನು ಕೊಡುವ ಮಾತಾಗಿತ್ತು. ಚರ್ಚೆ ಮುಗಿಯುವ ಮೊದಲೇ ಮರಿ ಸತ್ತಿತು. ನಾವೆಲ್ಲ ವಿಧಿ ಎಂದುಕೊಂಡು ಸುಮ್ಮನಾದೆವು.

ಮದುವೆಗೆ ಒಂದು ವಾರವಿದ್ದಾಗ ಪಶ್ಚಿಮದ ಬದಿ ಅಗೆಯುತ್ತಿದ್ದವರು ಒಂದು ವಸ್ತು ತಂದು ನನ್ನ ಮುಂದಿಟ್ಟರು. ಹಳೆಯ ಅಕ್ಷರ ಓದುವವಳು ಊರಿಗೆ ನಾನೊಬ್ಬಳೇ. ಅದು ಜೋಡಿಬಳೆಯೇ. ಆದರೆ ಖಾಲಿ ಇರಲಿಲ್ಲ. ಎರಡು ಬಳೆಗಳಲ್ಲೂ ಒಂದೊಂದು ನೀಲಿ ಸೀಸೆ ಹೊಟ್ಟೆಯ ಮಟ್ಟಕ್ಕೆ ಸಿಕ್ಕಿಕೊಂಡು ನಿಂತಿತ್ತು, ಮುಚ್ಚಳ ತೆರೆದಿರಲಿಲ್ಲ. ಬಳೆಯ ಅಳತೆಗೂ ಸೀಸೆಯ ಅಳತೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಸೀಸೆಯ ಮೇಲೆ ಬಿಳಿ ಪೀಠವೊಂದರ ಚಿತ್ರ. ಅಂಥ ಪೀಠಗಳು ಗುಡ್ಡದಲ್ಲಿ ಬೇಕಾದಷ್ಟು ಸಿಗುತ್ತವೆ, ಅವುಗಳ ಮೇಲೆ ನೀವು ಯಾತಕ್ಕೆ ಕೂರುತ್ತಿದ್ದಿರಿ ಎಂಬುದು ನಮಗೆ ಗೊತ್ತು. ಚೀಟಿಯ ಮೇಲೆ ಪಾಯಿಖಾನೆ ತೊಳೆಯುವ ದ್ರಾವಣ ಎಂದಿತ್ತು. ಎರಡರ ಜೋಡಿ, ಉಳಿತಾಯದ ಪ್ಯಾಕ್ ಎಂದಿತ್ತು. ಕೆಳಗೆ ಅದೇ ಬಾಗಿದ ಮನುಷ್ಯ, ಅದೇ ಬುಟ್ಟಿ, ಪಕ್ಕದಲ್ಲಿ ಬರಹ: ಪಟ್ಟಿಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿ.

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಬೇರೆ ಅರ್ಥ ಹೊರಡಲಿ ಎಂದು ಓದಿದೆ. ಹೊರಡಲಿಲ್ಲ.

ಈಗ ನಾನು ಕೇಳುತ್ತೇನೆ, ನೀವು ಹೇಳಿ. ಆ ಎರಡು ಸೀಸೆಗಳಿಗೆ ಒಂದನ್ನೊಂದು ಬಿಟ್ಟಿರಲು ಆಗುತ್ತಿರಲಿಲ್ಲವೇ? ಪಾಯಿಖಾನೆ ತೊಳೆಯುವ ನೀರು ದಾರಿಯಲ್ಲಿ ಕೈತಪ್ಪಿ ಓಡಿಹೋಗುತ್ತಿತ್ತೇ? ಅಂಗಡಿಯಿಂದ ಮನೆಗೆ ಬರುವಷ್ಟು ಹೊತ್ತು ಎರಡು ಸೀಸೆ ಜೊತೆಗಿರಲಿ ಎಂದು ಸಾವಿರ ವರ್ಷ ಮುರಿಯದ ವಸ್ತುವನ್ನು ಮಾಡಿದಿರಲ್ಲ, ನಿಮ್ಮಲ್ಲಿ ಒಬ್ಬರಾದರೂ ಅದನ್ನು ಕೈಯಲ್ಲಿ ಹಿಡಿದು, ಇದು ಯಾಕೆ ಇಷ್ಟು ಗಟ್ಟಿಯಾಗಿದೆ ಎಂದು ಕೇಳಲಿಲ್ಲವೇ? ಮನೆಗೆ ಬಂದೊಡನೆ ಕಿತ್ತು ಎಸೆಯುವುದಕ್ಕೆ ಯಾರೋ ಕೂತು ಅಳತೆ ತೆಗೆದಿದ್ದಾರೆ, ಅಚ್ಚು ಕೊರೆದಿದ್ದಾರೆ, ಹಿಡಿಯುವ ಬೆರಳು ನೋಯದಿರಲೆಂದು ಕಂಡಿಯ ಅಂಚನ್ನು ಉರುಟು ಮಾಡಿದ್ದಾರೆ. ನಿಮ್ಮ ಬೆರಳಿನ ಮೇಲೆ ಅಷ್ಟು ಕರುಣೆ! ಮಾದೇವಿಯ ಆಡಿನ ಮರಿಯ ಮೂತಿಗೆ ಯಾರೂ ಅಂಚು ಉರುಟು ಮಾಡಲಿಲ್ಲ. ಉಳಿತಾಯ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೀರಿ. ಉಳಿದದ್ದು ಏನೆಂದು ನಮ್ಮನ್ನು ಕೇಳಿ, ನಮ್ಮ ಊರು ಅದರ ಮೇಲೆಯೇ ಇದೆ.

ನಾನು ಓದಿದ್ದನ್ನು ಮುಚ್ಚಿಡಲಿಲ್ಲ. ಊರು ಸೇರಿತು. ಗುಡ್ಡದ ಯಜಮಾನ ತಾಯಪ್ಪ ಎಲ್ಲವನ್ನೂ ಕೇಳಿ ತನ್ನ ಕೈಯನ್ನು ನೋಡಿಕೊಂಡ. ಅವನ ಹೆಂಡತಿ ಹೋದ ವರ್ಷ ತೀರಿಕೊಂಡಿದ್ದಳು, ಅವನ ಕೈಯಲ್ಲೂ ಅರ್ಧವಿತ್ತು. ಆಮೇಲೆ ಅಂದ: "ಓದಿದ್ದಾಯ್ತಲ್ಲ ಹೊನ್ನಕ್ಕ. ಇನ್ನು ಆ ಸೀಸೆನ ಎಲ್ಲಿತ್ತೋ ಅಲ್ಲೇ ಊತಾಕು. ಇಡೀ ಊರಿನ ಮದ್ವೆ ಈ ಬಳೆ ಮೇಲೆ ನಿಂತದೆ." ಹಲವರು ತಲೆದೂಗಿದರು. ಬಳೆ ಇಲ್ಲದೆ ಮದುವೆಯೇ ಇಲ್ಲ, ಮೊಲ್ಲೆಯೂ ಈರಣ್ಣನೂ ಮೊದಲಿನಂತೆಯೇ ಕೈ ತೂರಿಸಲಿ, ಇಲ್ಲದಿದ್ದರೆ ಯಾರೂ ಅದನ್ನು ಮದುವೆ ಎಂದು ಒಪ್ಪುವುದಿಲ್ಲ ಎಂದರು. ತಾಯಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ನಿಮ್ಮ ಮೇಲೆ ಖರ್ಚಾಗಿತ್ತು.

ಆಗ ಮೊಲ್ಲೆ ಎದ್ದು ನಿಂತಳು. ಹೆಚ್ಚು ಮಾತಾಡುವ ಹುಡುಗಿಯಲ್ಲ ಅವಳು. "ನಾನು ಅದ್ರೊಳಕ್ಕೆ ಕೈ ಹಾಕಕಿಲ್ಲ. ಬರೀ ಕೈ ಹಿಡ್ಕೊಂಡೇ ಊರು ಸುತ್ತೀನಿ. ಬಿಟ್ರೆ ನಾನೇ ಬಿಟ್ಟಂಗೆ, ಹಿಡಿದ್ರೆ ನಾನೇ ಹಿಡಿದಂಗೆ," ಅಂದಳು. ಗದ್ದಲವೆದ್ದಿತು. ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಹೆಣ್ಣು ಶಾಸ್ತ್ರ ಬೇಡವೆಂದರೆ ಗಂಡಿನ ಕಡೆಯವರು ಎದ್ದು ಹೋಗುವುದು ನಮ್ಮಲ್ಲಿ ವಾಡಿಕೆ. ಎಲ್ಲರೂ ಮಾದೇವಿಯ ಕಡೆ ನೋಡಿದರು. ಅವಳು ಎದ್ದಳು. ಆದರೆ ಹೋಗಲಿಲ್ಲ. "ನನ್ನ ಮರಿ ನನ್ನ ತೊಡೆ ಮೇಲೆ ಸತ್ತಾಗ ಇದು ದೇವ್ರ ವಸ್ತು ಅಂತ ಬಾಯಿ ಮುಚ್ಕೊಂಡೆ," ಅಂದಳು. "ಈಗ ಕಕ್ಕಸಿನ ಸೀಸೆದು ಅಂತೀರಿ. ನನ್ನ ಸೊಸೆ ಬರೀ ಕೈಲೇ ಬರ್ಲಿ."

ಮದುವೆ ಹಾಗೆಯೇ ನಡೆಯಿತು. ಅರ್ಧಕ್ಕರ್ಧ ಮನೆಗಳವರು ಬರಲಿಲ್ಲ. ಬಂದವರು ಮದುವೆಗಿಂತ ಕೈಗಳನ್ನೇ ನೋಡುತ್ತಿದ್ದರು. ಬಿಸಿಲು ಜೋರಾಗಿತ್ತು, ಇಬ್ಬರ ಅಂಗೈಯೂ ಬೆವೆತು ಜಾರುತ್ತಿತ್ತು. ಗಾಜಿನ ಓಣಿಯ ತಿರುವಿನಲ್ಲಿ ಮೊಲ್ಲೆಯ ಅಂಗಾಲಿಗೆ ಚೂರೊಂದು ಚುಚ್ಚಿತು. ಅವಳು ಈರಣ್ಣನ ಕೈ ಬಿಟ್ಟಳು. ಹಿಂದೆ ಬರುತ್ತಿದ್ದವರೆಲ್ಲ ನಿಂತುಬಿಟ್ಟರು, ಒಬ್ಬ ಮುದುಕಿ ಅಯ್ಯೋ ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮೊಲ್ಲೆ ಬಗ್ಗಿ ಚೂರನ್ನು ಕಿತ್ತು, ಕೈಯನ್ನು ಸೀರೆಗೆ ಒರೆಸಿಕೊಂಡು, ಮತ್ತೆ ಅವನ ಕೈ ಹಿಡಿದಳು. ಅಷ್ಟೇ. ಏನೂ ಆಗಲಿಲ್ಲ. ಬುಟ್ಟಿಗೆ ರಾಗಿ ಹಾಕುವ ಹೊತ್ತು ಬಂದಾಗ ಅವಳು ಆ ಹಿಡಿಯನ್ನು ಮಾದೇವಿಯ ಉಳಿದ ಆಡುಗಳ ಮುಂದೆ ಚೆಲ್ಲಿದಳು. ನಾನು ಅತ್ತೆ, ಆದರೆ ಅದನ್ನು ನಿಮಗೆ ಹೇಳಬೇಕಾಗಿಲ್ಲ.

ಇನ್ನು ನನ್ನ ಕೈಯಲ್ಲಿರುವುದರ ಮಾತು. ಮದುವೆಯ ಮರುದಿನ ತಾಯಪ್ಪ ನಮ್ಮ ಮನೆಗೆ ಬಂದು ಕೈ ಚಾಚಿದ. ಕತ್ತರಿ ಇರುವುದು ನನ್ನ ಬಳಿ. ಅವನ ಅರ್ಧವನ್ನು ಕತ್ತರಿಸಿದೆ. ಚರ್ಮದ ಮೇಲೆ ಬಿಳಿಯ ಗುರುತು ಉಳಿದಿತ್ತು, ಅವನು ಅದನ್ನು ಉಜ್ಜಿಕೊಳ್ಳುತ್ತ ಹೊರಟುಹೋದ. ನನ್ನದನ್ನೂ ಕತ್ತರಿಸಬೇಕೆಂದು ಕತ್ತರಿ ಹಿಡಿದೆ, ಆಗಲಿಲ್ಲ. ಇದು ಯಾವುದರ ಸೀಸೆಯನ್ನು ಹಿಡಿದಿತ್ತು ಎಂಬುದು ಗೊತ್ತು, ಆದರೂ ಆಗಲಿಲ್ಲ. ಇದರ ಇನ್ನೊಂದು ಅರ್ಧ ಮಾಯಣ್ಣನ ಜೊತೆ ಇದೆ. ಅವನ ಕೈಯ ಮೂಳೆಯೂ ಒಂದು ದಿನ ಕರಗುತ್ತದೆ. ಆ ಅರ್ಧ ಮಾತ್ರ, ಕಸದ ಬುಟ್ಟಿಗೆ ಹಾಕುವ ಆ ಮನುಷ್ಯನ ಸಮೇತ, ಮಣ್ಣಿನಲ್ಲಿ ಹೊಸದರಂತೆ ಬಿದ್ದಿರುತ್ತದೆ. ನನ್ನ ಗಂಡನನ್ನು ಅಷ್ಟು ಕಾಲ ಉಳಿಸುವ ವಸ್ತುವನ್ನು ನೀವು ಮಾಡಲಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಅಂಗಡಿಗೆ ಹೋದಾಗ ಎರಡು ಸೀಸೆ ಬೇಕಿದ್ದರೆ ಬಿಡಿಯಾಗಿ ಕೊಳ್ಳಿ, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದುಕೊಂಡು ಮನೆಗೆ ಹೋಗಿ. ನಿಮ್ಮ ಕೈಗಳು ಅದಕ್ಕೆ ಸಾಲುತ್ತಿದ್ದವು. ಕೈ ಸೋತರೆ ದಾರಿಯಲ್ಲಿ ಕೆಳಗಿಟ್ಟು, ಒರೆಸಿಕೊಂಡು, ಮತ್ತೆ ಎತ್ತಿಕೊಳ್ಳಿ. ಏನೂ ಆಗುವುದಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

ಈ ಪತ್ರ ನಿಮಗೆ ತಲುಪುವುದು ಹೇಗೆಂದರೆ, ಆ ಎರಡು ನೀಲಿ ಸೀಸೆಗಳನ್ನು ಬರಿದು ಮಾಡಿ ತೊಳೆದಿದ್ದೇನೆ. ನಾಳೆ ಈರಣ್ಣ ಅವನ್ನು ಜೋಡಿಬಳೆಯ ಸಮೇತ ನಾವು ಅಗೆದಿರುವ ಅತ್ಯಂತ ಆಳದ ಗುಂಡಿಯಲ್ಲಿ ಹೂಳುತ್ತಾನೆ. ಕೆಳಕ್ಕೆ ಹೋದದ್ದು ಹಿಂದಕ್ಕೆ ಹೋಗುತ್ತದೆ ಎಂಬುದು ನಮ್ಮ ಅನುಭವ. ಒಂದು ಸೀಸೆಯಲ್ಲಿ ಈ ಪತ್ರವಿದೆ. ಇನ್ನೊಂದನ್ನು ನಿಮ್ಮ ಉತ್ತರಕ್ಕೆ ಖಾಲಿ ಬಿಟ್ಟಿದ್ದೇನೆ. ದೊಡ್ಡ ವಿವರಣೆ ಬೇಡ, ಸಮಜಾಯಿಷಿಯೂ ಬೇಡ. ಒಂದೇ ಒಂದು ವಿಷಯ ಬರೆದು ಹಾಕಿ, ಇದನ್ನು ಕೈಯಲ್ಲಿ ತೊಟ್ಟು ಬದುಕಿದವಳಿಗೆ ಅಷ್ಟು ತಿಳಿಯುವ ಹಕ್ಕಿದೆ.

ಅಂಗಡಿಯಿಂದ ನಿಮ್ಮ ಮನೆ ಎಷ್ಟು ದೂರವಿತ್ತು?

ಹೊನ್ನಾಜಿ
ಮಾಯಣ್ಣನ ಹೆಂಡತಿ, ಮೊಲ್ಲೆಯ ತಾಯಿ