ಗಾಳಿ ಬಿದ್ದ ದಿನಗಳು

ಅಕ್ಟೋಬರ್ ೬. ಬೆಳಿಗ್ಗೆ ೭

ಎಣ್ಣೆ ನೋಡಿದೆ. ಬೆಲ್ಟ್ ನೋಡಿದೆ. ಹೊಗೆ ಕೊಳವೆಯ ಎಲ್ಬೋ ನೋಡಿ ಮೈ ಉರಿಯಿತು. ಇಂಜಿನ್ನಿನ ಬಿಸಿ ಹೊಗೆ ಮೊದಲು ಬಂದು ತಿರುಗುವುದು ಅಲ್ಲೇ. ಅಲ್ಲಿ ಸಮುದ್ರದ ನೀರು ಸೇರಿ ತಣ್ಣಗಾಗಿ ಹಿಂದಿನಿಂದ ಆಚೆ ಹೋಗಬೇಕು. ತಳದಲ್ಲೆಲ್ಲ ತುಕ್ಕು. ಬೆರಳಿಟ್ಟು ಒತ್ತಿದರೆ ಹಪ್ಪಳದ ಹಾಗೆ ಉದುರುತ್ತದೆ. ಸುತ್ತ ಕರಿ ಮಸಿ.

ಕ್ಯಾಪ್ಟನ್‌ಗೆ ಹೇಳಿದೆ. ಹೆಸರು ಸಿಲಾ, ದೊಡ್ಡವನಾದ್ದರಿಂದ ದಾಯೆಂಗ್ ಅನ್ನಬೇಕು; ಕಾಫಿ ಲೋಟದಿಂದ ತಲೆ ಎತ್ತಲಿಲ್ಲ.

"ಬಟ್ಟೆ ಸುತ್ತು. ಡಿಸೆಂಬರಲ್ಲಿ ದೋಣಿ ದಡಕ್ಕೆ ಎಳೀತೀವಲ್ಲ, ಆಗ ನೋಡೋಣ."

"ದಾಯೆಂಗ್, ಇದು ಡಿಸೆಂಬರ್ ತನಕ ಬಾಳಲ್ಲ."

"ನೀನು ಇಂಜಿನ್ ನೋಡ್ಕೋ. ಕ್ಯಾಲೆಂಡರ್ ನಾನು ನೋಡ್ಕೋತೀನಿ."

ಬಿಸಿ ತಡೆಯುವ ಬಟ್ಟೆ ಸುತ್ತಿ ಎರಡು ಕ್ಲಾಂಪ್ ಬಿಗಿದೆ. ಚೆನ್ನಾಗಿಯೇ ಕೂತಿದೆ, ಹಾಳಾಗಿ ಹೋಗಲಿ. ಇಂಜಿನ್ ಕೋಣೆಯ ಹಲಗೆ ಗೋಡೆಯ ಆಚೆ ಅಡುಗೆಮನೆ, ಅದರ ಮೂಲೆಯಲ್ಲಿ ನಮ್ಮ ಮಂಚ. ನನ್ನ ಹೆಂಡತಿ ನುರಿಯಾಳೇ ಈ ದೋಣಿಯ ಅಡುಗೆಯವಳು. ನಾನು ಹಾಯಿ ಹಗ್ಗ ಅಂತ ಮೇಲೆ ಓಡಾಡುತ್ತೇನೆ, ಅವಳು ಇಡೀ ದಿನ ಕೆಳಗೇ.

ಅಕ್ಟೋಬರ್ ೭. ಸಂಜೆ

ಗಾಳಿ ಬಿದ್ದುಹೋಗಿದೆ. ಎಲೆ ಅಲುಗುವಷ್ಟೂ ಇಲ್ಲ. ಇಂಜಿನ್ ಒಂಬತ್ತು ಗಂಟೆ ಓಡಿತು. ನುರಿಯಾಗೆ ತಲೆನೋವು, ಒಂದು ಸಲ ವಾಂತಿ. ನನಗೂ ತಲೆ ಭಾರ. ಕೋಪಕ್ಕೇ ಇರಬೇಕು.

ಅಕ್ಟೋಬರ್ ೮

ಒಳ್ಳೆಯ ಗಾಳಿ. ಹಾಯಿ ಬಿಚ್ಚಿದೆವು, ಇಂಜಿನ್ ಮುಟ್ಟಲಿಲ್ಲ. ನುರಿಯಾ ಬಾಳೆಹಣ್ಣು ಕರಿಯುತ್ತ ಹಾಡುತ್ತಿದ್ದಳು. ಪ್ರವಾಸಕ್ಕೆ ಬಂದ ಗೆಸ್ಟುಗಳು ಮೂರು ತಟ್ಟೆ ಖಾಲಿ ಮಾಡಿದರು. ಎಲ್ಬೋ ಮಾತು ಮತ್ತೆ ಎತ್ತಿದೆ. ಕ್ಯಾಪ್ಟನ್ ಶಿಳ್ಳೆ ಹಾಕುತ್ತ ಎದ್ದುಹೋದ.

ಅಕ್ಟೋಬರ್ ೧೦. ಮಧ್ಯಾಹ್ನ

ಮತ್ತೆ ಗಾಳಿ ಇಲ್ಲ. ಬೆಳಗಿನಿಂದ ಇಂಜಿನ್. ಒಲೆ ಮುಂದೆ ಕೂತ ನುರಿಯಾ ಏಳಲಾರದೆ ಹೋದಳು. ಬಾಂಗ್, ಬಾಂಗ್ ಅಂತ ನನ್ನನ್ನು ಕರೆದಳು.

"ಮೈಗೆ ಗಾಳಿ ಹೊಕ್ಕಿದೆ ಬಾಂಗ್. ಬೆನ್ನು ಕೆರೆದುಬಿಡಿ."

ಮಂಚದ ಮೇಲೆ ಮಲಗಿಸಿ, ಕಾಯುಪುತಿ ಎಣ್ಣೆ ಹಚ್ಚಿ, ನಾಣ್ಯದಿಂದ ಕೆರೆದೆ. ಎಷ್ಟು ಕೆಂಪು ಎದ್ದರೆ ಅಷ್ಟು ಗಾಳಿ ಅಂತ ಅಮ್ಮ ಹೇಳುತ್ತಿದ್ದಳು. ಬೆನ್ನು ತುಂಬ ಗೆರೆ ಎದ್ದವು. ಹೊಸ ಗಾಳಿ ಹೊಗದ ಹಾಗೆ ಕಿಟಕಿ ಮುಚ್ಚಿದೆ. ಸಂದಿಗೆ ಟವೆಲ್ ತುರುಕಿದೆ. ಹೊದಿಕೆ ಹೊದಿಸಿದೆ. ಇಂಥ ಕೆಲಸದಲ್ಲಿ ನಾನು ಅಚ್ಚುಕಟ್ಟು.

ಅಕ್ಟೋಬರ್ ೧೩. ಲಾಬುವಾನ್ ಬಾಜೋ, ಆಸ್ಪತ್ರೆಯ ಬೆಂಚು

ಬರೆಯಲು ಕೈ ಬರುತ್ತಿಲ್ಲ. ಆದರೂ...

ಮೊನ್ನೆಯೂ ನಿನ್ನೆಯೂ ಗಾಳಿ ಇರಲಿಲ್ಲ. ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಾತ್ರೆ ಬಿದ್ದ ಸದ್ದು. ಇಳಿದು ನೋಡಿದರೆ ನುರಿಯಾ ಅನ್ನ ಚೆಲ್ಲಿ ಅದರ ಮೇಲೇ ಬಿದ್ದಿದ್ದಾಳೆ. ಕರೆದರೆ ಓ ಅನ್ನಲಿಲ್ಲ. ಹೆಗಲ ಮೇಲೆ ಹೊತ್ತು ಮೇಲೆ ತಂದೆ. ಮೇಲೆ ಬಂದು ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಆಮ್ಲಜನಕ ಹಾಕಿದರು. ಬೆನ್ನು ನೋಡಿದರು.

"ಯಾರು ಕೆರೆದಿದ್ದು?"

"ನಾನೇ."

"ಇವರು ಇರೋ ಕಡೆ ಇಂಜಿನ್ ಹೊಗೆ ಬರುತ್ತಾ?"

"ವಾಸನೆ ಅಷ್ಟೇನಿಲ್ಲ..."

"ಕೊಲ್ಲೋ ಅನಿಲಕ್ಕೆ ವಾಸನೆ ಇರಲ್ಲ ಯಜಮಾನ್ರೇ. ರಕ್ತದಲ್ಲಿ ಆಮ್ಲಜನಕದ ಜಾಗ ಅದೇ ಹಿಡ್ಕೊಂಡುಬಿಡುತ್ತೆ. ಇವರಿಗೆ ಗಾಳಿ ಹೊಕ್ಕಿದ್ದಲ್ಲ, ಗಾಳಿ ಸಿಗದೆ ಹೀಗಾಗಿದ್ದು. ಅಲ್ಲಿ ಕಿಟಕಿ ಇದೆಯಾ?"

ಇದೆ ಅಂದೆ. ಅಷ್ಟೇ ಅಂದೆ.

ಅಕ್ಟೋಬರ್ ೧೪

ಈ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಓದಿದೆ. ಹಾಯಿ ಬಿಚ್ಚಿದ ದಿನ ಹಾಡು. ಇಂಜಿನ್ ಓಡಿದ ದಿನ ತಲೆನೋವು. ಸಮುದ್ರದಲ್ಲಿ ಗಾಳಿ ಬಿದ್ದ ದಿನವೇ ನನ್ನ ಹೆಂಡತಿಗೆ ಗಾಳಿ ಹೊಗುತ್ತಿತ್ತು. ನನ್ನದೇ ಅಕ್ಷರ. ಹನ್ನೆರಡು ವರ್ಷದಿಂದ ಇಂಜಿನ್ ನೋಡಿಕೊಳ್ಳುವವನು ನಾನು. ಥೂ.

ಅಕ್ಟೋಬರ್ ೧೬. ಬೆಳಿಗ್ಗೆ ೯

ದೋಣಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಎಲ್ಬೋದ ಬೋಲ್ಟ್‌ಗಳು ತುಕ್ಕಿಗೆ ಕಚ್ಚಿಕೊಂಡಿದ್ದವು, ಗರಗಸ ಹಾಕಿ ಕೊಯ್ದೆ. ಹೊಗೆ ಸಾಗುವ ಹಳೆ ರಬ್ಬರ್ ಹೋಸನ್ನೂ ಕಿತ್ತೆ. ಕ್ಯಾಪ್ಟನ್ ಇಳಿದು ಬಂದು ನನ್ನ ಹೆಸರು ಹಿಡಿದು ಕೂಗಿದ.

"ಏಯ್ ಲಾ ಮುರು! ಹುಚ್ಚು ಹಿಡೀತಾ? ಮಧ್ಯಾಹ್ನ ಗೆಸ್ಟ್ ಬರ್ತಾರೆ!"

"ಈಜ್ಕೊಂಡು ಹೋಗ್ಲಿ."

ನಾನು ಸುತ್ತಿದ್ದ ಬಟ್ಟೆ ಬಿಚ್ಚಿ ಎಲ್ಬೋವನ್ನು ಅವನ ಮೂಗಿಗೆ ಹಿಡಿದೆ. ಹೆಬ್ಬೆರಳು ತೂರುವಷ್ಟು ತೂತು, ಅಡುಗೆಮನೆಯ ಗೋಡೆ ಕಡೆಗೇ. "ನೋಡಿ ದಾಯೆಂಗ್. ನಿಮ್ಮ ಡಿಸೆಂಬರ್ ಇದು. ನನ್ನ ಹೆಂಡ್ತಿನ ಸಾಯಿಸ್ತಿದ್ರಿ."

ಅವನು ತೂತು ನೋಡಿದ. ಆಮೇಲೆ ಮೆಲ್ಲಗೆ ಅಂದ, "ಬಟ್ಟೆ ಸುತ್ತು ಅಂದಿದ್ದು ನಾನು, ಒಪ್ಕೋತೀನಿ. ಕಿಟಕಿ ಮುಚ್ಚಿದ್ದು ಯಾರಪ್ಪ?"

ಸ್ಪ್ಯಾನರ್ ಎಸೆದೆ. ಅವನಿಗಲ್ಲ, ಸಮುದ್ರಕ್ಕೆ. ಹದಿನೇಳು ನಂಬರಿನ ಸ್ಪ್ಯಾನರ್. ಇದ್ದದ್ದು ಅದೊಂದೇ.

ಅಕ್ಟೋಬರ್ ೧೮. ಸಂಜೆ ೫

ಕೆಲಸ ಮುಗಿಯಿತು. ಸ್ಟೀಲಿನ ಹೊಸ ಎಲ್ಬೋ, ಬಂದರಿನ ವೆಲ್ಡರ್ ಕೈಯಲ್ಲಿ ಎದುರು ಕೂತು ಮಾಡಿಸಿದ್ದು. ಹೊಸ ಗ್ಯಾಸ್ಕೆಟ್. ಹೊಸ ಹೋಸ್, ತುದಿಗೆರಡೆರಡು ಕ್ಲಾಂಪ್. ಸಮುದ್ರದ ನೀರು ವಾಪಸ್ ಇಂಜಿನ್ನಿಗೆ ನುಗ್ಗದ ಹಾಗೆ ಹೋಸನ್ನು ನೀರಿನ ಮಟ್ಟಕ್ಕಿಂತ ಮೇಲೆ ಬಳಸಿ ತಂದೆ. ಸ್ಟಾರ್ಟ್ ಮಾಡಿದೆ. ಹಿಂದೆ ನೀರು ಸರಿಯಾಗಿ ಉಗುಳಿತು. ಸಂದು ಸಂದಿಗೂ ಸೋಪಿನ ನೀರು ಹಚ್ಚಿದೆ, ಒಂದು ಗುಳ್ಳೆಯೂ ಇಲ್ಲ.

"ಚೆನ್ನಾಗಿದೆ" ಅಂದ ಕ್ಯಾಪ್ಟನ್. ಮೈ ಮತ್ತೂ ಉರಿಯಿತು. ಎರಡು ದಿನದ ಕೆಲಸ. ಆರನೇ ತಾರೀಖೇ ಮಾಡಬಹುದಿತ್ತು. ಅವನು ಬೇಡ ಅಂದರೂ ಮಾಡಬಹುದಿತ್ತು.

ಅಕ್ಟೋಬರ್ ೧೯. ಸಂಜೆ ೪. ನಾದಿನಿಯ ಮನೆ

ನುರಿಯಾ ನಿನ್ನೆ ಆಸ್ಪತ್ರೆಯಿಂದ ಬಂದಳು. ನಡೆದರೆ ಸುಸ್ತು. ಹೊಗೆಯ ವಿಷಯ ಡಾಕ್ಟರಮ್ಮ ಅವಳಿಗೂ ಹೇಳಿದ್ದಾರೆ. ಅವಳ ತಲೆಗೆ ಹೋಗಿಲ್ಲ. ಈಗ ಬುತೋನ್‌ನಲ್ಲಿರುವ ತನ್ನ ಅಮ್ಮನ ಜೊತೆ ಫೋನಿನಲ್ಲಿದ್ದಾಳೆ. ಇಲ್ಲಿಗೇ ಕೇಳುತ್ತಿದೆ.

"ಇವರಿಲ್ದಿದ್ರೆ ನಾನು ಉಳೀತಿರ್ಲಿಲ್ಲಮ್ಮ. ಬೆನ್ನು ಕೆರೆದ್ರು, ಎಣ್ಣೆ ಹಚ್ಚಿದ್ರು, ಒಂಚೂರೂ ಗಾಳಿ ತಾಗದ ಹಾಗೆ ಕಿಟಕಿ ಮುಚ್ಚಿ ನೋಡ್ಕೊಂಡ್ರು..."

ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿದೆ. ಕ್ಯಾಪ್ಟನ್‌ನನ್ನು ಎಷ್ಟು ಬೈದರೂ ಈ ಮಾತು ಅಳಿಯುವುದಿಲ್ಲ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೋನ್ ಇಟ್ಟಳು. ಬಂದಳು.

"ಏನ್ ಬಾಂಗ್, ಯಾವಾಗ್ಲೂ ಬರೀತಾ ಇರ್ತೀರ. ಯಾರನ್ನ ಬೈತಿದೀರ ಅದ್ರಲ್ಲಿ?"

"ಓದ್ಲಾ?"

"ಓದಿ. ಕೆಟ್ಟ ಮಾತು ಬಿಟ್ಟು ಓದಿ, ಆಯ್ತಾ?"

ನಗುತ್ತಿದ್ದಾಳೆ. ಕಿಟಕಿ ಮುಚ್ಚಿದ ದಿನದ, ಹತ್ತನೇ ತಾರೀಖಿನ ಪುಟ ತೆಗೆದೆ. ಪೆನ್ನು ಕೆಳಗಿಡಿ ಅನ್ನುತ್ತಿದ್ದಾಳೆ. ಇಡುತ್ತೇ—