ಶನಿವಾರದ ಆಟ, ಭಾನುವಾರದ ಕುರ್ಚಿ

ಶಿರಸಿ
೬ ಮಾರ್ಚ್ ೨೦೨೫, ಗುರುವಾರ

ಪ್ರೀತಿಯ ಅಕ್ಕಾ,

ನಮ್ಮ ಶಾಮಿಯಾನ ಅಂಗಡಿಯ ಮೂರೂ ಶಾಖೆಗಳಿಗೆ ಇನ್ನು ಸುಜಯನ ಕಂಪ್ಯೂಟರ್ ಪ್ರೋಗ್ರಾಂ ಒಂದೇ. ನಿನ್ನೆ ಸಂಜೆ ಯಲ್ಲಾಪುರದಲ್ಲಿ ತೀರ್ಮಾನವಾಯಿತು. ನನಗೆ ತಿಳಿಸಿದವನು ಲಾರಿ ಓಡಿಸುವ ನಾಗಪತಿ. ಒಡಹುಟ್ಟಿದ ತಮ್ಮ ಸುಜಯ ಫೋನು ಮಾಡಿದ್ದು ಇಂದು ಬೆಳಿಗ್ಗೆ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆ, ಬೇಸರ ಮಾಡಿಕೊಳ್ಳಬೇಡ. ಮೊಣಕಾಲು ಹೇಗಿದೆ? ಹುಬ್ಬಳ್ಳಿಯ ಡಾಕ್ಟರು ಹೇಳಿದಂತೆ ಮೆಟ್ಟಿಲು ಹತ್ತುವುದು ಬಿಟ್ಟಿದ್ದೀಯಾ? ಭಾವನ ಕೆಮ್ಮು ಕಡಿಮೆಯಾಯಿತೇ?

ನಡೆದದ್ದು ಇಷ್ಟು. ಮಾಲೀಕರಾದ ವಿಶ್ವೇಶ್ವರ ಸಾಹುಕಾರರು ಕುರ್ಚಿ, ಪಾತ್ರೆ, ಚಪ್ಪರದ ಬುಕಿಂಗನ್ನು ಕಂಪ್ಯೂಟರಿಗೆ ಹಾಕಿಸಿದಾಗ ಮೂರೂ ಊರಿಗೆ ಪೈಥಾನ್ ಭಾಷೆಯೇ ಇರಲಿ ಎಂದಿದ್ದರು. ಭಾಷೆ ಒಂದೇ ಆಯಿತು, ಆದರೆ ಅದರ ಮೇಲೆ ಕೂರಿಸುವ ಸಿದ್ಧ ಚೌಕಟ್ಟನ್ನು, ಅಂದರೆ ಫ್ರೇಮ್‌ವರ್ಕನ್ನು, ಒಬ್ಬೊಬ್ಬರು ಒಂದೊಂದು ಹಿಡಿದೆವು. ಶಿರಸಿಯಲ್ಲಿ ನಾನು ಒಂದು, ಯಲ್ಲಾಪುರದಲ್ಲಿ ಸುಜಯ ಇನ್ನೊಂದು, ಸಿದ್ದಾಪುರದ್ದನ್ನು ಹೊರಗಿನವರು ಮತ್ತೊಂದರಲ್ಲಿ ಬರೆದುಕೊಟ್ಟರು. ಒಂದೇ ರಶೀದಿಯನ್ನು ಮೂರು ಸಲ ಬರೆದದ್ದಾಯಿತು. “ಭಾಷೆ ಒಂದೇ ಅಂತ್ರಿ, ಮತ್ತೆ ಒಬ್ರದ್ದು ಒಬ್ರಿಗೆ ಯಾಕೆ ಬರೂದಿಲ್ಲ ಮಾರಾಯ್ರೆ?” ಎಂದು ಸಾಹುಕಾರರು ಆರು ವರ್ಷದಿಂದ ಕೇಳುತ್ತಲೇ ಇದ್ದರು. ಸುಜಯ ರಶೀದಿ, ದಾಸ್ತಾನು, ಬಾಡಿಗೆ ಎಂದು ಬಿಡಿಬಿಡಿಯಾಗಿ ಬರೆದಿದ್ದಾನೆ. ಬೇಕಾದ್ದನ್ನು ಎತ್ತಿ ಬೇಕಾದಲ್ಲಿ ಇಡಬಹುದು. ನನ್ನದು ಒಂದಕ್ಕೊಂದು ಅಂಟಿದೆ. ಒಪ್ಪುತ್ತೇನೆ.

ಒಪ್ಪಿದರೂ ಹೊಟ್ಟೆ ಉರಿಯುತ್ತದೆ. ಅವನ ಕೈಯಲ್ಲಿ ಪೈಥಾನಿನ ಮೊದಲ ಸಾಲು ಬರೆಸಿದವನು ನಾನು. ನಿನ್ನೆ ನೀನು ಅವನ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ್ದನ್ನೂ ನೋಡಿದೆ. ನಿನಗೆ ಅವನು ನಿನ್ನೆಯೇ ಹೇಳಿದ್ದಾನೆ ಎಂದಾಯಿತು. ನನ್ನ ಪ್ರೋಗ್ರಾಂ ಆರು ವರ್ಷ ಒಂದು ಮದುವೆಯನ್ನೂ ಕೆಡಿಸದೆ ನಡೆಯಿತು, ಅದು ಯಾರ ಸ್ಟೇಟಸ್ಸಿಗೂ ಬರಲಿಲ್ಲ. “ಅಣ್ಣಾ, ನಿಂದು ಚೊಲೊನೇ ಇದ್ದು. ಆದ್ರೆ ಮೂರೂ ಶಾಖೆಗೆ ಕೂರ್ತಿಲ್ಲೆ, ಎಂತ ಮಾಡವು?” ಎಂದ ಸುಜಯ ಇಂದು ಫೋನಿನಲ್ಲಿ. ಆ ಸಮಾಧಾನದ ದನಿ ಸೋಲಿಗಿಂತ ಹೆಚ್ಚು ಚುಚ್ಚಿತು. ತನ್ನ ಪ್ರೋಗ್ರಾಮಿನಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದೂ ಕೇಳಿದ. ಏನೂ ಇಲ್ಲ ಎಂದೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ಪರೀಕ್ಷೆ ಚೆನ್ನಾಗಿ ಬರೆಯಲಿ.

ನಿನ್ನ ತಮ್ಮ,
ದಿನಕರ

ತಾ.ಕ.: ನಾಳೆ ನಾಗಪತಿ ಹುಬ್ಬಳ್ಳಿಗೆ ಬರುತ್ತಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತೇನೆ. ಸುಜಯನಿಗೆ ಏನೂ ಇಲ್ಲ ಎಂದದ್ದು ಸುಳ್ಳು. ಶನಿವಾರ ಯಕ್ಷಗಾನ ಎಂದರೆ ರಾತ್ರಿಯಿಡೀ ನಡೆಯುವ ಆಟ ಮುಗಿದು ಕುರ್ಚಿ ಕೈಗೆ ಬರುವುದು ಭಾನುವಾರ ಹೊತ್ತೇರಿದ ಮೇಲೆ. ನನ್ನ ಪ್ರೋಗ್ರಾಂ ಎರಡೂ ದಿನ ಕುರ್ಚಿ ಹಿಡಿದಿಡುತ್ತದೆ, ಅವನದು ಶನಿವಾರ ಮಾತ್ರ. ಏಪ್ರಿಲ್ ೧೯ರ ಶನಿವಾರ ಹುಲೇಕಲ್ಲಿನ ಆಟಕ್ಕೆ ಮೂರೂ ಶಾಖೆಯ ಎಲ್ಲ ಕುರ್ಚಿಗಳೂ ಹೋಗುತ್ತವೆ. ಮರುದಿನ ಬೆಳಿಗ್ಗೆ ಕಾನಸೂರಿನ ಕೆರಿಯಪ್ಪನವರ ಮಗಳ ಮದುವೆ. ಅಂದು ಕುರ್ಚಿ ಖಾಲಿ ಇವೆ ಎಂದು ಅವನ ಪ್ರೋಗ್ರಾಂ ತೋರಿಸುತ್ತಿದೆ. ಹೇಳಲೆಂದು ಎರಡು ಸಲ ಫೋನು ಹಿಡಿದೆ, ಎರಡು ಸಲವೂ ಕೆಳಗಿಟ್ಟೆ. ನೀನು ಹೇಳು. ನನ್ನ ಪ್ರೋಗ್ರಾಮಿನಲ್ಲಿ ದಿನಾಂಕ ನೋಡಿಕೊಳ್ಳುವ ಹದಿನೇಳು ಸಾಲನ್ನು ಬಿಡಿಸಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಈಗ ಯಾವ ಫ್ರೇಮ್‌ವರ್ಕಿಗೂ ಕೂರುತ್ತದೆ. ಫೋಟೋ ತೆಗೆದು ಅವನಿಗೆ ಕಳಿಸು. ಆ ಸಾಲುಗಳ ಮೇಲಿರುವ ನನ್ನ ಹೆಸರನ್ನು ಅವನು ತೆಗೆಯಬಾರದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೂರೂ ಶಾಖೆಗಳಲ್ಲಿ ಹೊಸ ಪ್ರೋಗ್ರಾಂ ಶುರು. ಹತ್ತೂವರೆಗೆ ಕೆರಿಯಪ್ಪನವರು ಸಿದ್ದಾಪುರಕ್ಕೆ ಆ ಮದುವೆಯ ಬುಕಿಂಗಿಗೆ ಬರುತ್ತಾರೆ.